ದೊಡ್ಡ ಸಂಖ್ಯೆಗೆ ಮರುಳಾಗಬೇಡಿ!

ಮಕ್ಕಳೇ, ಕಂಪ್ಯೂಟರ್ ಪರದೆಯ ಮೇಲೆ ಓಡುವ ಕಾರು ನಿಜವಾಗಿ ಓಡುವುದಿಲ್ಲ! ನಿಂತ ಚಿತ್ರಗಳೇ ಒಂದರ ಹಿಂದೊಂದು ಬೇಗಬೇಗನೆ ಬದಲಾಗುತ್ತವೆ. ಸಿನಿಮಾದಲ್ಲಿ ಸಾಮಾನ್ಯವಾಗಿ ಸೆಕೆಂಡಿಗೆ 24 ಚಿತ್ರಗಳು. ಪರದೆ ಸೆಕೆಂಡಿಗೆ ಎಷ್ಟು ಸಲ ಚಿತ್ರ ಬದಲಿಸಬಲ್ಲದು ಎಂಬುದನ್ನು ಹರ್ಟ್ಸ್‌ಗಳಲ್ಲಿ ಹೇಳುತ್ತಾರೆ. ಸಾಮಾನ್ಯ ಪರದೆಗೆ 60 ಹರ್ಟ್ಸ್. ಆಟಕ್ಕೆಂದೇ ಮಾಡಿದ ಹಲವು ಪರದೆಗಳಿಗೆ 144. ಅವುಗಳಲ್ಲಿ ವೇಗದ ಆಟ ಹೆಚ್ಚು ನಯವಾಗಿ ಕಾಣುತ್ತದೆ, ನಿಜ. ಆದರೆ ಕಂಪ್ಯೂಟರ್ ಸೆಕೆಂಡಿಗೆ 40 ಚಿತ್ರಗಳನ್ನಷ್ಟೇ ರಚಿಸಿಕೊಟ್ಟರೆ? 144ರ ಪರದೆಯೂ ಅದೇ ಚಿತ್ರವನ್ನು ಮತ್ತೆ ಮತ್ತೆ ತೋರಿಸುತ್ತದೆ. ಕೊಟ್ಟ ಹಣ ವ್ಯರ್ಥ! ಓದಲು, ಬರೆಯಲು, ಚಿತ್ರ ಬಿಡಿಸಲು 60 ಧಾರಾಳ. ಆದ್ದರಿಂದ ಪರದೆ ಕೊಳ್ಳುವ ಮುನ್ನ, "ನಮ್ಮ ಕಂಪ್ಯೂಟರಿಗೆ ಅಷ್ಟು ಶಕ್ತಿ ಇದೆಯೇ?" ಎಂದು ಕೇಳಬೇಕು. ಏನಂತೀರಿ?