ಬಾತುಕೋಳಿ ಎದೆ ತುಂಡು: ಹಂಚೋ, ಕುಕ್ಕರೋ?

ರಾಯಬಾಗ ಕಡೆಯ ಓದುಗರೊಬ್ಬರು ಪುಣೆಯಿಂದ ಕೇಳಿದ್ದಾರೆ. ಆನ್‌ಲೈನ್‌ನಲ್ಲಿ ಬಾತುಕೋಳಿಯ ಎದೆ ಮಾಂಸದ ಪ್ಯಾಕೆಟ್ ತರಿಸಿದ್ದಾರಂತೆ. ಅವರು ನೋಡಿದ ವಿಡಿಯೋದಲ್ಲಿ ಬಾಣಸಿಗ ಅದನ್ನು ಒಳಗೆ ಗುಲಾಬಿ ಬಣ್ಣ ಇರುವಾಗಲೇ ಕೊಯ್ದು ತಟ್ಟೆಗೆ ಹಾಕುತ್ತಾನೆ. "ಊರಿಂದ ಅವ್ವ ಬಂದಾರ್ರಿ, ಮನ್ಯಾಗ ಹೆಂಡತಿ ಆರು ತಿಂಗಳ ಬಸರಿ. ಇದು ಹಸಿ ಮಾಂಸ, ಬಸರಿಗೆ ಕೊಡಬ್ಯಾಡ ಅಂತಾರ ಅವ್ವ. ದೊಡ್ಡ ದೊಡ್ಡ ಹೋಟೆಲ್‌ನ್ಯಾಗ ಹಿಂಗ ಕೊಡ್ತಾರ ಅಂತೇನಿ ನಾ. ಯಾರದು ಖರೆ?"

ಅವ್ವಂದು ಖರೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಉಳಿದದ್ದನ್ನು ನಿಧಾನಕ್ಕೆ ಓದಿ.

ಅಮೆರಿಕದ ಕೃಷಿ ಇಲಾಖೆಯ ಸಲಹೆಯಂತೆ ಕೋಳಿ ಇರಲಿ, ಬಾತುಕೋಳಿ ಇರಲಿ, ಮಾಂಸದ ಒಳಗಿನ ಶಾಖ 74 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು. ಹೋಟೆಲಿನ ಗುಲಾಬಿ ತುಂಡನ್ನು 55–60ರ ಆಸುಪಾಸಿನಲ್ಲೇ ಒಲೆಯಿಂದ ಇಳಿಸಿರುತ್ತಾರೆ. ಆ ಶಾಖದಲ್ಲಿ ಸಾಲ್ಮೊನೆಲ್ಲಾ, ಕ್ಯಾಂಪಿಲೋಬ್ಯಾಕ್ಟರ್‌ನಂಥ ರೋಗಾಣುಗಳು ಉಳಿದುಕೊಳ್ಳಬಹುದು. ಗಟ್ಟಿಮುಟ್ಟಾದವರಿಗೆ ಅದು ನಾಲ್ಕು ದಿನದ ಹೊಟ್ಟೆನೋವು, ಭೇದಿ. ಬಸುರಿ, ಸಣ್ಣ ಮಕ್ಕಳು, ವಯಸ್ಸಾದವರಿಗೆ ಅಷ್ಟಕ್ಕೇ ಮುಗಿಯಲಿಕ್ಕಿಲ್ಲ. ಬರೀ ಬಣ್ಣ ನೋಡಿ ಬೆಂದಿದೆ ಅಂತ ಹೇಳಲಿಕ್ಕೂ ಬರುವುದಿಲ್ಲ. ಬಾತುಕೋಳಿಯ ಎದೆ ಹಸಿ ಇದ್ದಾಗ ಕುರಿ ಮಾಂಸದ ಹಾಗೆ ಕೆಂಪಗಿರುತ್ತದೆ. ಅದರ ಪೂರ್ವಜರು ಸಾವಿರಾರು ಮೈಲಿ ಹಾರುವ ಹಕ್ಕಿಗಳು. ರೆಕ್ಕೆ ಬಡಿಯುವ ಆ ಸ್ನಾಯುವಿನಲ್ಲಿ ಆಮ್ಲಜನಕ ಹಿಡಿದಿಡುವ ಮಯೋಗ್ಲೋಬಿನ್ ಜಾಸ್ತಿ. ಕೋಳಿ ಮಾಳಿಗೆಯಿಂದ ಅಂಗಳಕ್ಕೆ ಹಾರಿದರೆ ಅದೇ ದೊಡ್ಡದು, ಹಂಗಾಗಿ ಅದರ ಎದೆ ಬೆಳ್ಳಗೆ. ಮಾಂಸದೊಳಗೆ ಚುಚ್ಚಿ ಶಾಖ ನೋಡುವ ಸಣ್ಣ ಥರ್ಮಾಮೀಟರ್ ಸಿಗುತ್ತದೆ, ಒಂದು ತರಿಸಿ ಇಟ್ಟುಕೊಳ್ಳಿ.

ಹಾಗಾದರೆ ಆ ಗುಲಾಬಿ ಪದ್ಧತಿ ಬಂದದ್ದು ಎಲ್ಲಿಂದ? ಫ್ರಾನ್ಸಿನ ಗ್ಯಾಸ್ಕನಿ ಸೀಮೆಯ ಓಶ್ ಊರಿನ ಆಂದ್ರೆ ದಾಗಾಂ ಎಂಬ ಬಾಣಸಿಗ 1959ರ ಸುಮಾರಿಗೆ ಬಾತುಕೋಳಿಯ ಎದೆಯನ್ನು ದನದ ಮಾಂಸದ ಸ್ಟೇಕ್‌ನಂತೆ ಅರೆಬೇಯಿಸಿ ಬಡಿಸಲು ಶುರು ಮಾಡಿದ. ಅದಕ್ಕೂ ಮೊದಲು ಅಲ್ಲಿನವರು ಅದನ್ನು ತಾಸುಗಟ್ಟಲೆ ಕೊಬ್ಬಿನಲ್ಲೇ ಬೇಯಿಸುತ್ತಿದ್ದರು. ಅವನ ಕೈಯಲ್ಲಿದ್ದದ್ದು ಯಕೃತ್ತಿಗಾಗಿ ತಿನ್ನಿಸಿ ತಿನ್ನಿಸಿ ದಪ್ಪ ಮಾಡಿದ ಹಕ್ಕಿ, ಚರ್ಮದ ಕೆಳಗೆ ಬೆರಳಿನಷ್ಟು ಕೊಬ್ಬು. ನಮ್ಮ ದೇಶದ ಬಾತುಕೋಳಿಯ ಕಥೆಯೇ ಬೇರೆ. ಕೇರಳದ ಕುಟ್ಟನಾಡಿನಲ್ಲಿ ಕೊಯ್ಲಾದ ಗದ್ದೆಗಳಲ್ಲಿ ಮೇಯಿಸುವ ಚಾರ, ಚೆಂಬಲ್ಲಿ ತಳಿಗಳನ್ನು ಸಾಕುವುದು ಮುಖ್ಯವಾಗಿ ಮೊಟ್ಟೆಗಾಗಿ. ಬೆಂಗಳೂರು ಹತ್ತಿರದ ಹೆಸರಘಟ್ಟದಲ್ಲಿ ಕೇಂದ್ರ ಸರಕಾರದ ಸಾಕಣೆ ಕೇಂದ್ರದಿಂದ ಹರಡಿದ ಖಾಕಿ ಕ್ಯಾಂಬೆಲ್ ಕೂಡ ಮೊಟ್ಟೆ ತಳಿಯೇ. ವರ್ಷಗಟ್ಟಲೆ ಮೊಟ್ಟೆ ಇಟ್ಟು, ಹೊಲ ಗದ್ದೆ ತಿರುಗಿದ ಹಕ್ಕಿಯ ಎದೆ ತೆಳ್ಳಗೆ, ಬಿಗಿ. ಅದನ್ನು ಹಂಚಿನ ಮೇಲೆ ಹತ್ತು ನಿಮಿಷ ಹುರಿದರೆ ಅಥಣಿ ಚಪ್ಪಲಿ ಕಡಿದಂಗ ಆಗ್ತದ. ಬಿಳಿ ಪೆಕಿನ್ ಮಾತ್ರ ಮಾಂಸದ ತಳಿ, ಎಳೆಯದಾಗಿದ್ದಾಗಲೇ ಮಾರಾಟಕ್ಕೆ ಬರುತ್ತದೆ.

ಹಂಗಾಗಿ ಮೊದಲು ಪ್ಯಾಕೆಟ್ ಬಿಚ್ಚಿ ನೋಡಿ. ದಪ್ಪ ಚರ್ಮ, ಅದರ ಕೆಳಗೆ ಬಿಳಿ ಕೊಬ್ಬಿನ ಪದರ ಇದ್ದರೆ ಹಂಚು. ಚರ್ಮ ತೆಳ್ಳಗಿದ್ದು ಮಾಂಸ ಕಪ್ಪುಗೆಂಪು ಇದ್ದರೆ ಕುಕ್ಕರ್.

ಹಂಚಿನ ಕೆಲಸ ಸಣ್ಣದು. ಹಿಂದಿನ ರಾತ್ರಿಯೇ ಫ್ರೀಜರ್‌ನಿಂದ ತೆಗೆದು ಫ್ರಿಜ್‌ನ ಕೆಳಗಿನ ಅಂಕಣದಲ್ಲಿಡಿ. ಬೆಳಿಗ್ಗೆ ಬಟ್ಟೆಯಿಂದ ಒತ್ತಿ ಒಣಗಿಸಿ, ಚರ್ಮದ ಮೇಲೆ ಚಾಕುವಿನಿಂದ ಅಡ್ಡ ಉದ್ದ ಗೀರಿ. ಗೀರು ಕೊಬ್ಬಿಗೆ ಇಳಿಯಬೇಕು, ಮಾಂಸಕ್ಕೆ ತಾಗಬಾರದು. ಉಪ್ಪು ಸವರಿ. ಹಂಚು ತಣ್ಣಗಿರುವಾಗಲೇ ಚರ್ಮ ಕೆಳಗೆ ಮಾಡಿ ಇಟ್ಟು, ಆಮೇಲೆ ಸಣ್ಣ ಉರಿ ಹಚ್ಚಿ. ಎಣ್ಣೆ ಬೇಡ. ಕಾದ ಹಂಚಿಗೆ ಹಾಕಿದರೆ ಚರ್ಮ ಬಿಗಿದುಕೊಂಡು ಕೊಬ್ಬು ಒಳಗೇ ಸಿಕ್ಕಿಬೀಳುತ್ತದೆ. ನಿಧಾನಕ್ಕೆ ಕಾಯಿಸಿದರೆ ಹನ್ನೆರಡು–ಹದಿನೈದು ನಿಮಿಷದಲ್ಲಿ ಕರಗಿ ಹೊರಗೆ ಬರುತ್ತದೆ. ಆ ಕೊಬ್ಬನ್ನು ಬಟ್ಟಲಿಗೆ ಬಸಿದುಕೊಳ್ಳಿ, ಚೆಲ್ಲಬೇಡಿ. ತಿರುವಿ ಹಾಕಿ, ಮುಚ್ಚಿ, ದಪ್ಪ ಭಾಗದಲ್ಲಿ 74 ತೋರಿಸುವವರೆಗೆ ಬೇಯಿಸಿ. ಇಳಿಸಿ ಐದು ನಿಮಿಷ ಬಿಟ್ಟು ತೆಳ್ಳಗೆ ಕೊಯ್ಯಿರಿ. ಪೂರ್ತಿ ಬೇಯಿಸಿದರೆ ಸ್ವಲ್ಪ ಗಟ್ಟಿ ಆಗುತ್ತದೆ, ಹೌದು. ತೆಳ್ಳಗೆ ಕೊಯ್ದರೆ ಅದು ಗೊತ್ತಾಗುವುದಿಲ್ಲ. ಫ್ರೆಂಚರು ಇದಕ್ಕೆ ಕಿತ್ತಳೆ ಹಣ್ಣಿನ ಸಾಸ್ ಮಾಡುತ್ತಾರೆ. ಕೊಬ್ಬಿಗೆ ಹುಳಿ ಸಿಹಿ ಜೋಡಿ ಬೇಕು, ಅಷ್ಟೇ ಅದರ ಗುಟ್ಟು. ನಮ್ಮ ಕಡೆ ಬೆಲ್ಲಕ್ಕೇನು ಬರ? ಹುಣಸೆ ರಸ, ಬೆಲ್ಲ, ಜಜ್ಜಿದ ಮೆಣಸು, ಚೂರು ಶುಂಠಿ ಕುದಿಸಿ ಅದೇ ಹಂಚಿಗೆ ಸುರಿದು ಕೆರೆದುಕೊಳ್ಳಿ.

ನನ್ನ ಮನಸ್ಸಿರುವುದು ಮಾತ್ರ ಕುಕ್ಕರ್ ಕಡೆಗೆ. ಚಿಕ್ಕೋಡಿ, ನಿಪ್ಪಾಣಿ, ಕಾಗವಾಡದ ಮನೆಗಳಲ್ಲಿ ಬಿಗಿ ಮಾಂಸದ ಹಕ್ಕಿಯನ್ನು ಹದಕ್ಕೆ ತರುವ ವಿದ್ಯೆ ಮೊದಲಿಂದ ಇದೆ. ಜವಾರಿ ಕೋಳಿಗೆ ಮಾಡುವುದನ್ನೇ ಇದಕ್ಕೂ ಮಾಡಿ. ತುಂಡುಗಳಿಗೆ ಅರಿಷಿಣ, ಉಪ್ಪು, ಬಳ್ಳೊಳ್ಳಿ–ಹಸಿಶುಂಠಿ ಹಚ್ಚಿ ಅರ್ಧ ತಾಸು ಬಿಡಿ. ಇಡೀ ಹಕ್ಕಿ ತಂದಿದ್ದರೆ ಬಾಲದ ಮೇಲಿನ ಎಣ್ಣೆ ಗ್ರಂಥಿ ಕತ್ತರಿಸಿ ಎಸೆಯಿರಿ, ಕಮಟು ವಾಸನೆಯ ಮೂಲ ಅದೇ. ಒಂದು ಉಳ್ಳಾಗಡ್ಡಿ ಬಾಡಿಸಿ, ಮಾಂಸ ಹಾಕಿ, ಬಿಸಿನೀರು ಸುರಿದು ಐದಾರು ಸೀಟಿ ಹೊಡೆಸಿ. ಮುಚ್ಚಳ ತೆಗೆದಾಗ ಮೇಲೆ ತೇಲುವ ಕೊಬ್ಬನ್ನು ಸೌಟಿನಿಂದ ತೆಗೆದುಬಿಟ್ಟರೆ ಕೆಳಗೆ ಉಳಿಯುವುದೇ ಅಳಣಿ. ಖಾರ ಬೀಳುವ ಮೊದಲು ಇದನ್ನು ಮಕ್ಕಳಿಗೆ, ಜ್ವರದಿಂದ ಎದ್ದವರಿಗೆ ಬಟ್ಟಲಲ್ಲಿ ಕೊಡುತ್ತಾರೆ. ನಿಮ್ಮ ಮನೆಯವರಿಗೂ ಅದನ್ನೇ ಮೊದಲು ಕೊಡಿ, ಬಿಸಿಬಿಸಿ.

ಮಸಾಲೆಗೆ ಒಣಕೊಬ್ಬರಿಯನ್ನು ಉರಿಯ ಮೇಲೆ ಕಪ್ಪು ಚುಕ್ಕೆ ಬೀಳುವವರೆಗೆ ಸುಡಿ, ಉಳ್ಳಾಗಡ್ಡಿಯನ್ನೂ ಸಿಪ್ಪೆ ಸಮೇತ ಸುಡಿ. ಎಳ್ಳು, ಗಸಗಸೆ, ಧನಿಯಾ, ಎರಡು ಲವಂಗ, ಚಕ್ಕೆ ಹುರಿದು ಎಲ್ಲವನ್ನೂ ನುಣ್ಣಗೆ ರುಬ್ಬಿ. ಆಮೇಲೆ ಬೇಸಿಗೆಯಲ್ಲಿ ಕುಟ್ಟಿಸಿ ಡಬ್ಬಿ ತುಂಬಿಟ್ಟ ಮಸಾಲಿ ಖಾರ. ಸಂಕೇಶ್ವರಿ ಮೆಣಸಿನಕಾಯಿ ಉರಿಗೆ, ಬ್ಯಾಡಗಿ ಬಣ್ಣಕ್ಕೆ. ಅಂಗಡಿ ಪ್ಯಾಕೆಟ್‌ನ 'ಕೊಲ್ಹಾಪುರಿ' ಪುಡಿ ಇದರ ಹತ್ತಿರ ಬರುವುದಿಲ್ಲ ಅನ್ನುವುದು ನನ್ನ ಮತ, ಕೊಲ್ಹಾಪುರದವರೂ ಒಪ್ಪುತ್ತಾರೆ. ಒಗ್ಗರಣೆಗೆ ಆಗಲೇ ಸೌಟಿನಲ್ಲಿ ತೆಗೆದ ಕೊಬ್ಬನ್ನೇ ಬಳಸಿ, ಮಸಾಲೆ ಎಣ್ಣೆ ಬಿಡುವವರೆಗೆ ಹುರಿಯಿರಿ. ಅರ್ಧ ಮಸಾಲೆಯಲ್ಲಿ ಬೆಂದ ತುಂಡುಗಳನ್ನು ಹೊರಳಾಡಿಸಿದರೆ ಸುಕ್ಕಾ. ಉಳಿದದ್ದಕ್ಕೆ ಅಳಣಿ ಸುರಿದು ಕುದಿಸಿದರೆ ತಾಂಬಡಾ ರಸ್ಸಾ. ಪಕ್ಕಕ್ಕೆ ಬಿಸಿ ಜೋಳದ ರೊಟ್ಟಿ.

ಇನ್ನೊಂದು ಮಾತು. ಚಳಿಗಾಲದಲ್ಲಿ ಊರಿಗೆ ಹೋದಾಗ ಹೊಳೆ, ಕೆರೆ ಕಡೆಯಿಂದ ಹಿಡಿದು ತಂದ ಕಾಡು ಬಾತು ಕೊಡುತ್ತೇವೆ ಅಂತ ಯಾರಾದರೂ ಬಂದರೆ ಬೇಡ ಅನ್ನಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದು ಅಪರಾಧ.

ಹಂಚಿನಿಂದ ಬಸಿದಿಟ್ಟ ಕೊಬ್ಬನ್ನು ಸೋಸಿ ಗಾಜಿನ ಡಬ್ಬಿಯಲ್ಲಿ ಹಾಕಿ ಫ್ರಿಜ್‌ನಲ್ಲಿಡಿ, ತಿಂಗಳವರೆಗೆ ಇರುತ್ತದೆ. ಆಲೂಗಡ್ಡೆ ಹುರಿಯಲಿಕ್ಕೆ ಅದರಷ್ಟು ಚಲೋ ಇನ್ನೊಂದಿಲ್ಲ. ಅವ್ವ ಶಾಕಾಹಾರ ಮಾಡುವ ವಾರ ಮಾತ್ರ ಆ ಡಬ್ಬಿಯನ್ನು ತುಪ್ಪದ ಡಬ್ಬಿಯ ಪಕ್ಕ ಇಡಬೇಡಿ, ನೋಡಲಿಕ್ಕೆ ಎರಡೂ ಒಂದೇ ಥರ.