ಸೂಜಿಯನ್ನು ಹಳಿಯುವವರಿಗೂ ಸೂಜಿಯನ್ನೇ ನಂಬಿದವರಿಗೂ

ಕಾತ್ರಜದ ಕನ್ನಡಿಗರ ಮನೆಗಳಲ್ಲಿ ಈಚೆಗೆ ಹೊಸದೊಂದು ಗುಟ್ಟು ಸೇರಿಕೊಂಡಿದೆ. ಫ್ರಿಜ್ಜಿನಲ್ಲಿ, ಮೊಸರಿನ ಪಾತ್ರೆಯ ಹಿಂದೆ, ವಾರಕ್ಕೊಮ್ಮೆ ಹೊಟ್ಟೆಯ ಚರ್ಮದಡಿ ಚುಚ್ಚಿಕೊಳ್ಳುವ ಔಷಧ. ಕಾರ್ಯಕ್ರಮದಲ್ಲಿ ಯಾರಾದರೂ "ಏನ್ರೀ, ಬಹಳ ಇಳಿದಿದ್ದೀರಲ್ಲ!" ಎಂದರೆ ಬರುವ ಉತ್ತರ ಮಾತ್ರ ಒಂದೇ: "ರಾತ್ರಿ ಊಟ ಬಿಟ್ಟೆ, ದಿನವೂ ನಡೆಯುತ್ತೇನೆ." ಈ ಸುಳ್ಳನ್ನು ಆಡಿಸುತ್ತಿರುವವರು ನಾವು. ದಪ್ಪಗಿರುವವರನ್ನು ನಾಲಿಗೆಯ ಮೇಲೆ ಹಿಡಿತವಿಲ್ಲದವರೆಂದು ಹಂಗಿಸಿ, ಅವರು ಔಷಧ ತೆಗೆದುಕೊಂಡರೆ ಅಡ್ಡದಾರಿ ಹಿಡಿದರೆಂದು ಮತ್ತೆ ಹಂಗಿಸುವ ನಾವು. ರಕ್ತದೊತ್ತಡದ ಮಾತ್ರೆಯನ್ನು ಎಲೆಯ ಮುಂದೆ ಕುಳಿತೇ ನುಂಗುವ ಹಿರಿಯರನ್ನು ಯಾರೂ ಸೋಮಾರಿ ಎನ್ನುವುದಿಲ್ಲ.

ಹಸಿವೆಂಬುದು ಬರಿಯ ಮನೋಬಲದ ವಿಷಯವಲ್ಲ. ಉಂಡ ಮೇಲೆ ಕರುಳು ಜಿಎಲ್‌ಪಿ-1 ಎಂಬ ಹಾರ್ಮೋನನ್ನು ಸ್ರವಿಸುತ್ತದೆ. ಅದು ಜಠರ ಬರಿದಾಗುವುದನ್ನು ನಿಧಾನಿಸಿ, ಮಿದುಳಿಗೆ ‘ಸಾಕು’ ಎಂಬ ಸುದ್ದಿ ಮುಟ್ಟಿಸುತ್ತದೆ. ಸೆಮಾಗ್ಲುಟೈಡ್ ಆ ಕೆಲಸವನ್ನೇ ದಿನಗಟ್ಟಲೆ ಮಾಡುತ್ತದೆ. ಟಿರ್ಜೆಪಟೈಡ್ ಇನ್ನೊಂದು ಹಾರ್ಮೋನಿನ ಕೆಲಸವನ್ನೂ ಜೊತೆಗೆ ಹೊರುತ್ತದೆ. ಈ ವರ್ಗದ ಮೊದಲ ಔಷಧ 2005ರಲ್ಲಿ ಬಳಕೆಗೆ ಬಂತು. ಅದಕ್ಕೆ ಮಾದರಿಯಾದದ್ದು ಅಮೆರಿಕದ ಮರುಭೂಮಿಯ ಗಿಲಾ ಎಂಬ ವಿಷದ ಹಲ್ಲಿಯ ಜೊಲ್ಲಿನಲ್ಲಿ ದೊರೆತ ಒಂದು ಪದಾರ್ಥ. (ಸರ್ಪೋದ್ಯಾನದ ನೆರೆಯವರಾದ ನಾವು ಇದಕ್ಕೆ ಬೆಚ್ಚಬೇಕಾಗಿಲ್ಲ.) ಎರಡು ದಶಕ ದಾಟಿದ ಈ ವಿಜ್ಞಾನವನ್ನು ವಾಟ್ಸಾಪಿನ ಮನೆಮದ್ದಿನ ಸಾಲಿನಲ್ಲಿಟ್ಟು ಮೂಗು ಮುರಿಯುವುದು ಅಜ್ಞಾನ.

ಆದರೆ ಸೂಜಿಯನ್ನೇ ನಂಬಿದವರೊಡನೆ ನನ್ನ ಜಗಳ ಇನ್ನೂ ದೊಡ್ಡದು. 2021ರಲ್ಲಿ ಪ್ರಕಟವಾದ ಸೆಮಾಗ್ಲುಟೈಡಿನ ಪ್ರಮುಖ ಪ್ರಯೋಗದಲ್ಲಿ 68 ವಾರಗಳಿಗೆ ಸರಾಸರಿ ಶೇಕಡ 15ರಷ್ಟು ತೂಕ ಇಳಿಯಿತು. ಇದನ್ನು ಎಲ್ಲರೂ ಹೇಳುತ್ತಾರೆ. ಔಷಧ ನಿಲ್ಲಿಸಿ ಒಂದು ವರ್ಷವಾಗುವಷ್ಟರಲ್ಲಿ, ಇಳಿದದ್ದರಲ್ಲಿ ಮೂರನೆಯ ಎರಡು ಪಾಲು ಮರಳಿ ಬಂದಿತ್ತೆಂದು ಹೇಳುವವರು ಕಡಿಮೆ. ಇಳಿದದ್ದೆಲ್ಲ ಕೊಬ್ಬೂ ಅಲ್ಲ. ಬೇರೆ ಬೇರೆ ಪ್ರಯೋಗಗಳಲ್ಲಿ ಅದರ ಕಾಲುಪಾಲಿನಿಂದ ಶೇಕಡ 40ರವರೆಗೆ, ಸ್ನಾಯುವೂ ಸೇರಿದಂತೆ, ಕೊಬ್ಬಲ್ಲದ ಭಾಗವೇ ಆಗಿತ್ತು. ಮರಳುವಾಗ ಕೊಬ್ಬು ಕರೆಯದೆಯೇ ಬರುತ್ತದೆ. ಸ್ನಾಯು ದುಡಿಸದ ಹೊರತು ಬರುವುದಿಲ್ಲ. ಮೌಂಜಾರೊ 2025ರ ಮಾರ್ಚಿನಲ್ಲಿ ಭಾರತಕ್ಕೆ ಬಂದಾಗ ಅತಿ ಕಡಿಮೆ ಪ್ರಮಾಣದ ಸೀಸೆಯೊಂದಕ್ಕೆ 3,500 ರೂಪಾಯಿ, ವಾರಕ್ಕೊಂದು ಸೀಸೆ. ಸೆಮಾಗ್ಲುಟೈಡಿನ ಪೇಟೆಂಟ್ ಇಲ್ಲಿ 2026ರ ಮಾರ್ಚಿಗೆ ಮುಗಿಯಿತು. ಬೆಲೆ ಇಳಿಯುವುದು ಒಳ್ಳೆಯದೇ. ಆದರೆ ವೈದ್ಯರ ನಿಗಾ ಇಲ್ಲದೆ ಶುರುಮಾಡಿ, ಮಗಳ ಮದುವೆ ಮುಗಿದೊಡನೆ ಬಿಟ್ಟುಬಿಡುವ ಚಾಳಿಯೂ ಅದರೊಂದಿಗೆ ಅಗ್ಗವಾಗುತ್ತದೆ.

ಸ್ನಾಯುವಿನ ಮಾತು ನಮಗೆ ಬೇರೆಯವರಿಗಿಂತ ಹೆಚ್ಚು ತಟ್ಟಬೇಕು. ಅದರ ಕಾರಣವನ್ನು ಜಗತ್ತಿಗೆ ತೋರಿಸಿಕೊಟ್ಟದ್ದು ಇದೇ ಪುಣೆ. ಇಲ್ಲಿನ ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ ಯಾಜ್ಞಿಕ್ ಮತ್ತು ಸಂಗಡಿಗರು 1993ರಲ್ಲಿ ಪುಣೆಯ ಸಮೀಪದ ಆರು ಹಳ್ಳಿಗಳಲ್ಲಿ ತಾಯಂದಿರ ಪೋಷಣೆಯ ಅಧ್ಯಯನವನ್ನು ಆರಂಭಿಸಿದರು. ಅಲ್ಲಿ ಹುಟ್ಟಿದ ಕೂಸುಗಳ ಸರಾಸರಿ ತೂಕ 2.7 ಕಿಲೊ; ಇಂಗ್ಲೆಂಡಿನ ಸೌತಾಂಪ್ಟನ್ನಿನ ಕೂಸುಗಳದು 3.5 ಕಿಲೊ. ನಮ್ಮ ಕೂಸು ಸಣ್ಣದು, ಸ್ನಾಯು ಕಡಿಮೆ. ಆದರೆ ಚರ್ಮದಡಿಯ ಕೊಬ್ಬು ಮಾತ್ರ ಆ ಅಳತೆಗೆ ಕಡಿಮೆಯಾಗಿರಲಿಲ್ಲ. ಮುಂದೆ 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಯಾಜ್ಞಿಕರೂ ಬ್ರಿಟನ್ನಿನ ವೈದ್ಯ ಜಾನ್ ಯುಡ್ಕಿನ್ ಅವರೂ ಜೊತೆಗಿರುವ ಚಿತ್ರ ಅಚ್ಚಾಯಿತು. ಇಬ್ಬರ ಬಿಎಂಐ ಒಂದೇ, 22.3. ದೇಹದ ಕೊಬ್ಬು ಯುಡ್ಕಿನ್ನರಲ್ಲಿ ಶೇಕಡ 9.1, ಯಾಜ್ಞಿಕರಲ್ಲಿ ಶೇಕಡ 21.2.

ಹೀಗೆ ಹುಟ್ಟಿನಿಂದಲೇ ಸ್ನಾಯುವಿನ ಬಡವರಾದ ನಾವು, ಇರುವ ಅಷ್ಟಿಷ್ಟನ್ನೂ ಕರಗಿಸಿಕೊಂಡು ತಕ್ಕಡಿಯ ಮೇಲೆ ನಿಂತು ಹಿಗ್ಗುತ್ತಿದ್ದೇವೆ. ಔಷಧದ ತಿಂಗಳುಗಳಲ್ಲಿ ಹಸಿವು ಇಂಗುತ್ತದೆ. ಬೆಳಿಗ್ಗೆ ಎರಡು ಚಮಚ ಉಪ್ಪಿಟ್ಟು, ಮಧ್ಯಾಹ್ನ ಹಿಡಿಯಷ್ಟು ಅನ್ನ, ತಿಳಿಸಾರು. ತೂಕ ಇಳಿಯುತ್ತದೆ, ಮೆಟ್ಟಿಲು ಹತ್ತುವ ತೊಡೆಯೂ ಇಳಿಯುತ್ತದೆ. ತುತ್ತು ಸಣ್ಣದಾದಾಗ ಅದರಲ್ಲಿ ಮೊದಲ ಜಾಗ ಹೆಸರುಕಾಳಿನ ಉಸಳಿಗೆ, ಮಡಿಕೆಕಾಳಿಗೆ, ಮೊಟ್ಟೆ ಮೀನುಗಳಿಗೆ, ಕಾತ್ರಜ ಡೇರಿಯ ಮೊಸರಿಗೆ ಸಲ್ಲಬೇಕು. ಅನ್ನ ಆಮೇಲೆ ಕಾಯಲಿ. ನಡಿಗೆಯೂ ಬೇಕು, ಆದರೆ ನಡಿಗೆಯೊಂದೇ ಸಾಲದು. ವಾರಕ್ಕೆರಡು ದಿನವಾದರೂ ಭಾರ ಎತ್ತಬೇಕು, ಕುರ್ಚಿಯಿಂದ ಕೈಯೂರದೆ ಎದ್ದು ಕೂರುವುದಾದರೂ ಆಗಲಿ. ಇದೇ ವರ್ಗದ ಲಿರಾಗ್ಲುಟೈಡನ್ನು ಬಳಸಿದ ಡೆನ್ಮಾರ್ಕಿನ ಪ್ರಯೋಗವೊಂದರಲ್ಲಿ, ಚಿಕಿತ್ಸೆ ಮುಗಿದ ಮೇಲಿನ ವರ್ಷದಲ್ಲಿ ಔಷಧವನ್ನಷ್ಟೇ ಪಡೆದವರಿಗೆ ಮರಳಿದ ತೂಕಕ್ಕಿಂತ, ಔಷಧದೊಡನೆ ವ್ಯಾಯಾಮವನ್ನೂ ಮಾಡಿದ್ದವರಿಗೆ ಮರಳಿದ್ದು ಗಣನೀಯವಾಗಿ ಕಡಿಮೆ. ಹಸಿವಿನ ಗದ್ದಲ ಅಡಗಿರುವ ಆ ತಿಂಗಳುಗಳೇ ಅಭ್ಯಾಸ ಬೇರೂರಲು ಸಿಗುವ ಬಿಡುವು. ಸೂಜಿ ಕೊಂಡವರು ಹಣ ತೆತ್ತಿರುವುದು ನಿಜವಾಗಿ ಆ ಬಿಡುವಿಗೆ.

ಇಷ್ಟನ್ನು ಹೇಳಿ ಎಲ್ಲ ಹೊಣೆಯನ್ನೂ ರೋಗಿಯ ತಲೆಗೆ ಕಟ್ಟುವ ವೈದ್ಯರೂ ಇದ್ದಾರೆ. ‘ದಿನವೂ ನಡೆಯಿರಿ’ ಎಂದು ಚೀಟಿಯಲ್ಲಿ ಬರೆಯುವವರು ಸಂಜೆ ಆರು ಗಂಟೆಗೆ ಕಾತ್ರಜ–ಕೊಂಢ್ವಾ ರಸ್ತೆಯ ಅಂಚಿನಲ್ಲಿ ಒಮ್ಮೆ ನಡೆದು ನೋಡಲಿ. ಕಲಬುರಗಿ, ಯಾದಗಿರಿಗಳಿಂದ ಬಂದು ಇಲ್ಲಿ ಗಾರೆ ಹೊರುವ ನಮ್ಮವರಿಗೆ ಈ ಚರ್ಚೆಯೇ ಪರಕೀಯ. ಅವರ ಬುತ್ತಿಯಲ್ಲಿ ಕಾಳು ಕಡಿಮೆಯಾಗುತ್ತಿರುವುದರ ಬಗ್ಗೆ ಯಾವ ಸೂಜಿಯೂ ಏನನ್ನೂ ಮಾಡಲಾರದು.

ನಾವು ಮಾಡಬಹುದಾದದ್ದು ನಮ್ಮ ಪಂಕ್ತಿಯಲ್ಲೇ ಇದೆ. ಊರು ಬಿಟ್ಟು ಬಂದವರಿಗೆ ಊಟವೇ ಊರು. ಆದ್ದರಿಂದಲೇ ನಮ್ಮ ಕನ್ನಡತನ ಹೋಳಿಗೆ ತುಪ್ಪದಲ್ಲಿ ಬಂದು ನಿಂತಿದೆ. ‘ನಮ್ಮ ಕೈಯದೊಂದು’ ಎಂದು ಮೂರನೆಯದನ್ನು ಹಾಕುವುದು ಪ್ರೀತಿಯೆಂದು ತಿಳಿದಿದ್ದೇವೆ. ಔಷಧದ ಮೇಲಿರುವವರಿಗೆ ಅದು ಆ ರಾತ್ರಿಯ ವಾಂತಿ. ಮುಂದಿನ ರಾಜ್ಯೋತ್ಸವದ ಅಡುಗೆ ಪಟ್ಟಿ ಬರೆಯುವವರಿಗೆ ನನ್ನದೊಂದು ಬೇಡಿಕೆ: ಹೋಳಿಗೆ ಇರಲಿ, ತೆಗೆಯಬೇಡಿ. ಎಲೆಯ ತುದಿಗೆ ಚಮಚದಲ್ಲಿ ಬೀಳುವ ಕೋಸಂಬರಿಯನ್ನು ಸೌಟಿನಲ್ಲಿ ಬಡಿಸಿ. ಬೇಡವೆಂದು ಎಲೆಯ ಮೇಲೆ ಅಡ್ಡ ಹಿಡಿದ ಕೈಯನ್ನು ಸರಿಸಬೇಡಿ, ಏಕೆಂದೂ ಕೇಳಬೇಡಿ.