ಗುಲಗಂಜಿಯಿಂದ ಸೂರ್ಯನವರೆಗೆ

ಒಂದು ಕಾಲಕ್ಕೆ ಅಕ್ಕಸಾಲಿಗನ ತ್ರಾಸಿನಲ್ಲಿ ಗುಲಗಂಜಿಯೇ ತೂಕದ ಕಲ್ಲಾಗಿತ್ತು. 8 ಗುಲಗಂಜಿಗೆ 1 ಮಾಷ, 12 ಮಾಷಕ್ಕೆ 1 ತೊಲ ಎಂಬುದು ಚಿನ್ನಬೆಳ್ಳಿಯ ವ್ಯವಹಾರದಲ್ಲಿ ಬಹುಕಾಲ ರೂಢಿಯಲ್ಲಿದ್ದ ಲೆಕ್ಕ. 1833ರಲ್ಲಿ ಬ್ರಿಟಿಷ್ ಆಡಳಿತವು ತೊಲವನ್ನು 180 ಗ್ರೇನ್ ಎಂದು ಗೊತ್ತುಪಡಿಸಿತು. ಇಂದಿನ ಮಾನದಲ್ಲಿ ಅದು 11.66 ಗ್ರಾಂ. ಅದರ 96ನೆಯ ಒಂದು ಭಾಗವೆಂದರೆ ಸುಮಾರು 0.12 ಗ್ರಾಂ. 1956ರ ಕಾಯಿದೆಯ ತರುವಾಯ ಮೆಟ್ರಿಕ್ ಪದ್ಧತಿಯು ದೇಶದಲ್ಲೆಲ್ಲ ಜಾರಿಗೆ ಬಂದು ಗುಲಗಂಜಿ ಅಂಗಡಿಯಿಂದ ಮರೆಯಾಯಿತು. ಆದರೆ ತರಗತಿಯಲ್ಲಿ ಅದಕ್ಕೆ ಇನ್ನೂ ಕೆಲಸವಿದೆ.

ಒಂದು ಗುಲಗಂಜಿಯು ಸೂರ್ಯನ ದ್ರವ್ಯರಾಶಿಯ ಎಷ್ಟನೆಯ ಭಾಗ ಎಂದು ವಿದ್ಯಾರ್ಥಿಯನ್ನು ಕೇಳಿದರೆ ಅವನು ಗಣಕಯಂತ್ರದ ಗುಂಡಿಗಳನ್ನೊತ್ತಿ, ಅದು ತೋರಿಸಿದ ಹತ್ತು ಅಂಕಿಗಳನ್ನೂ ನಿಸ್ಸಂಕೋಚವಾಗಿ ಬರೆದುಕೊಡುತ್ತಾನೆ. ಭಾಗಾಕಾರದಲ್ಲಿ ತಪ್ಪಿರುವುದಿಲ್ಲ, ಆದರೂ ಆ ಉತ್ತರ ಸತ್ಯವಲ್ಲ. ಇಂಥ ಉತ್ತರಕ್ಕೆ ಪೂರ್ಣ ಅಂಕಗಳನ್ನು ಕೊಡುವ ವಾಡಿಕೆಯನ್ನು ಶಾಲೆಗಳು ಬಿಡಬೇಕು.

ಲೆಕ್ಕವೇನೋ ಸರಳವಾದುದು. 0.12 ಗ್ರಾಂ ಎಂದರೆ 0.00012 ಕಿಲೋಗ್ರಾಂ. ಭೂಮಿಯ ದ್ರವ್ಯರಾಶಿ 5.97ನ್ನು 10ರ 24ನೆಯ ಘಾತದಿಂದ ಗುಣಿಸಿದಷ್ಟು ಕಿಲೋಗ್ರಾಂ; ಸೂರ್ಯನದು 1.99ನ್ನು 10ರ 30ನೆಯ ಘಾತದಿಂದ ಗುಣಿಸಿದಷ್ಟು. ಹಾಗಾಗಿ ಗುಲಗಂಜಿಯು ಭೂಮಾನದಲ್ಲಿ 2ನ್ನು 10ರ ಋಣ 29ನೆಯ ಘಾತದಿಂದ, ಸೂರ್ಯಮಾನದಲ್ಲಿ 6ನ್ನು 10ರ ಋಣ 35ನೆಯ ಘಾತದಿಂದ ಗುಣಿಸಿದಷ್ಟಾಗುತ್ತದೆ. ಸೂರ್ಯನು ಭೂಮಿಯ ಸುಮಾರು 3,33,000 ಪಟ್ಟು ಭಾರವಾದುದರಿಂದ, ಮೊದಲನೆಯ ಉತ್ತರವನ್ನು ಈ ಸಂಖ್ಯೆಯಿಂದ ಭಾಗಿಸಿದರೆ ಎರಡನೆಯದು ಬರಲೇಬೇಕು. ಬಾರದಿದ್ದರೆ ಎಲ್ಲಿಯೋ ಗ್ರಾಮನ್ನು ಕಿಲೋಗ್ರಾಂ ಎಂದು ಎಣಿಸಿದ ದೋಷ ಉಳಿದಿದೆ ಎಂದೇ ತಿಳಿಯಬೇಕು.

ಇಲ್ಲಿ ಒಂದೇ ಅಂಕಿಗೆ ನಿಲ್ಲುವುದು ಸೋಮಾರಿತನವಲ್ಲ. ಬೀಜದಿಂದ ಬೀಜಕ್ಕೆ ಗುಲಗಂಜಿಯ ತೂಕ ವ್ಯತ್ಯಾಸಗೊಳ್ಳುತ್ತದೆ. ಅಳತೆಯಲ್ಲಿ ಇಲ್ಲದ ಖಚಿತತೆಯನ್ನು ಭಾಗಾಕಾರವು ಎಲ್ಲಿಂದ ತಂದುಕೊಟ್ಟೀತು?

ಸೂರ್ಯನ ಕಡೆಯಿಂದಲೂ ಇದೇ ಮಾತು. ಸೂರ್ಯನನ್ನು ಯಾವ ತಕ್ಕಡಿಯಲ್ಲಿಯೂ ಇಡಲಾಗದು. ಗ್ರಹಗಳ ಚಲನೆಯಿಂದ ತಿಳಿಯುವುದು ಅದರ ದ್ರವ್ಯರಾಶಿ ಹಾಗೂ ಗುರುತ್ವ ಸ್ಥಿರಾಂಕ ಇವೆರಡರ ಗುಣಲಬ್ಧ ಮಾತ್ರ. ಅದನ್ನು ಕಿಲೋಗ್ರಾಮಿಗೆ ತರಬೇಕಾದರೆ ಭೂಮಿಯ ಮೇಲೆಯೇ ಎರಡು ಗುಂಡುಗಳ ನಡುವಣ ಆಕರ್ಷಣೆಯನ್ನು ಅಳೆಯಬೇಕು. 1798ರಲ್ಲಿ ಇಂಗ್ಲೆಂಡಿನ ಹೆನ್ರಿ ಕ್ಯಾವೆಂಡಿಷ್ ತಲಾ 158 ಕಿಲೋಗ್ರಾಂ ತೂಕದ ಎರಡು ಸೀಸದ ಗುಂಡುಗಳು ಚಿಕ್ಕ ಗುಂಡುಗಳನ್ನು ಸೆಳೆಯುವ ಪರಿಯನ್ನು ಅಳೆದು, ಭೂಮಿಯ ಸಾಂದ್ರತೆ ನೀರಿನ 5.48ರಷ್ಟು ಎಂದು ಪ್ರಕಟಿಸಿದನು. ಇಂದಿನ ಬೆಲೆ 5.51. ಆ ಪ್ರಯೋಗ ಎಷ್ಟು ಕಠಿಣವೆಂದರೆ, ಇಂದಿಗೂ ಸ್ವೀಕೃತವಾಗಿರುವ ಗುರುತ್ವ ಸ್ಥಿರಾಂಕದಲ್ಲಿ ದಶಲಕ್ಷಕ್ಕೆ 22 ಭಾಗದಷ್ಟು ಅನಿಶ್ಚಿತತೆ ಉಳಿದಿದೆ. ಗುಣಲಬ್ಧವು ಒಂಬತ್ತು ಅಂಕಿಗಳಿಗೂ ಮಿಗಿಲಾಗಿ ಖಚಿತವಿದ್ದರೂ, ಕಿಲೋಗ್ರಾಮಿನಲ್ಲಿ ಹೇಳಿದ ಸೂರ್ಯನ ದ್ರವ್ಯರಾಶಿಯನ್ನು ಐದನೆಯ ಅಂಕಿಯಿಂದಾಚೆಗೆ ನಂಬುವಂತಿಲ್ಲ. ಈ ಕಾರಣದಿಂದಲೇ ಅಂತರರಾಷ್ಟ್ರೀಯ ಖಗೋಳ ಒಕ್ಕೂಟವು 2015ರಲ್ಲಿ ಸೂರ್ಯನಿಗೆ ಕಿಲೋಗ್ರಾಮಿನ ಅಂಕಿಯನ್ನು ನಿಗದಿಪಡಿಸದೆ ಆ ಗುಣಲಬ್ಧಕ್ಕೇ ಒಂದು ಮಾನಕ ಬೆಲೆಯನ್ನು ಗೊತ್ತುಮಾಡಿತು. ಬಲ್ಲವರೇ ಇಷ್ಟು ಸಂಯಮ ತೋರಿರುವಾಗ ಬಾಲಕನ ಉತ್ತರಪತ್ರಿಕೆಯಲ್ಲಿ ಹತ್ತು ಅಂಕಿಗಳ ಆಡಂಬರವೇಕೆ?

ಜೀವಮಾನದಲ್ಲಿ ಯಾರೂ ಸೂರ್ಯನನ್ನು ತೂಗುವುದಿಲ್ಲ, ಇಂಥ ಲೆಕ್ಕದಿಂದ ಪ್ರಯೋಜನವೇನು ಎಂಬ ಆಕ್ಷೇಪಣೆ ಸಹಜವಾದುದೇ. ಆದರೆ ಮಾನವನ್ನು ಮರೆತ ಅಂಕಿಯ ಅಪಾಯ ಆಕಾಶಕ್ಕಷ್ಟೇ ಸೀಮಿತವಲ್ಲ. 1983ರ ಜುಲೈ 23ರಂದು ಕೆನಡಾದ ಪ್ರಯಾಣಿಕ ವಿಮಾನವೊಂದಕ್ಕೆ ಇಂಧನ ತುಂಬುವಾಗ, ಲೀಟರಿಗೆ 1.77 ಎಂಬ ಪೌಂಡಿನ ಅಂಕಿಯನ್ನು ಕಿಲೋಗ್ರಾಮಿನದೆಂದು ಬಳಸಲಾಯಿತು. ಬೇಕಾದುದರ ಅರ್ಧಕ್ಕಿಂತಲೂ ಕಡಿಮೆ ಇಂಧನದೊಡನೆ ಹಾರಿದ ಆ ವಿಮಾನದ ಎಂಜಿನುಗಳು ನಡು ಆಕಾಶದಲ್ಲಿ ನಿಂತುಹೋದವು. ಚಾಲಕರ ಕೌಶಲದಿಂದ ಅದು ಗಿಮ್ಲಿಯ ಹಳೆಯ ವಿಮಾನ ನೆಲೆಯಲ್ಲಿ ತೇಲಿ ಇಳಿದು, ಎಲ್ಲರ ಪ್ರಾಣವೂ ಉಳಿಯಿತು. ಅಲ್ಲಿಯೂ ಗುಣಾಕಾರ ಸರಿಯಾಗಿಯೇ ಇತ್ತು, ತಪ್ಪಿದ್ದು ಮಾನದಲ್ಲಿ.

ಆದುದರಿಂದ ಅಧ್ಯಾಪಕರು ಸೊನ್ನೆಗಳನ್ನು ಎಣಿಸಲು ಕಲಿಸುವುದಕ್ಕೆ ಮೊದಲು ತೂಗಲು ಕಲಿಸುವುದು ಲೇಸು. ಮಕ್ಕಳು ನೂರು ಗುಲಗಂಜಿಗಳನ್ನು ಒಟ್ಟಿಗೆ ತೂಗಿ ಸರಾಸರಿ ತೆಗೆಯಲಿ. ಬಳಿಕ ಒಂದೊಂದನ್ನೇ ತೂಗಿ ವ್ಯತ್ಯಾಸವನ್ನು ಕಣ್ಣಾರೆ ಕಾಣಲಿ. ಆಮೇಲೆ ಭೂಮಿಗೆ, ಸೂರ್ಯನಿಗೆ ಏರಲಿ. ಪ್ರತಿ ಮೆಟ್ಟಿಲಿನಲ್ಲಿಯೂ ಮಾನದ ಹೆಸರನ್ನು ಬರೆಯದ ಉತ್ತರಕ್ಕೆ ಅಂಕ ದೊರೆಯದಿರಲಿ. ಗುಲಗಂಜಿಯ ಗಿಡ ಬೇಲಿಗಳಲ್ಲಿ ಬೆಳೆಯುವಂಥದು. ಅದರ ಬೀಜ ವಿಷಯುಕ್ತವಾದುದರಿಂದ ಎಣಿಸಿ ಕೊಟ್ಟು ಎಣಿಸಿ ಹಿಂದಕ್ಕೆ ಪಡೆಯುವ ಎಚ್ಚರ ಮಾತ್ರ ಇರಬೇಕು.

ಶಾಲೆಗೆ ನೆರವಾಗಲು ಬಯಸುವ ಹಳೆಯ ವಿದ್ಯಾರ್ಥಿಗಳೂ ದಾನಿಗಳೂ ಕಟ್ಟಡದ ಜೊತೆಗೆ ಒಂದು ಒಳ್ಳೆಯ ತ್ರಾಸನ್ನೂ ನೆನೆಯುವುದು ಉಚಿತ. ಗೋಡೆಯ ಮೇಲಿನ ಹೆಸರಿನಂತೆ ಅದು ಎದ್ದು ಕಾಣದಿರಬಹುದು. ಆದರೆ ತಾನು ಅಳೆದಷ್ಟನ್ನೇ ಹೇಳುವ, ಅಳೆಯದುದನ್ನು ಹೇಳದಿರುವ ಪ್ರಾಮಾಣಿಕತೆಯನ್ನು ಮಗು ಅದರ ಮುಂದೆ ನಿಂತೇ ಕಲಿಯುತ್ತದೆ. ಆ ಪಾಠ ಗುಲಗಂಜಿಯಷ್ಟು ಚಿಕ್ಕದಾಗಿ ಕಂಡರೂ ಅದರ ತೂಕ ಚಿಕ್ಕದಲ್ಲ.